ಆರಾಮ ಅದೀರಿ?

ನಮ್ಮ ಕಡೆ ಇಬ್ಬರು ಎದುರಾದರೆ ಮೊದಲು ಬರುವ ಮಾತು ಇದೇ. ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ, ಹೇಳುವವರೂ ಯೋಚಿಸಿ ಹೇಳುವುದಿಲ್ಲ. ‘ಆರಾಮ ಅದೀರಿ?’ ‘ಆರಾಮರಿ, ನೀವು?’ ಅಷ್ಟಾದ ಮೇಲೆಯೇ ಮಳೆ, ಮದುವೆ, ನೂಲಿನ ರೇಟು. ಬೀಳಗಿಯಲ್ಲಿ ನಾನು ಸಣ್ಣವಳಿದ್ದಾಗ ನಮ್ಮ ಸೋದರಮಾವ ಗಾಡಿಯಿಂದ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು. ನೋಡಲು ಬಂದವರು ಬಾಗಿಲಲ್ಲೇ ‘ಆರಾಮ?’ ಎಂದರೆ ಅವರು ಮಲಗಿದಲ್ಲಿಂದಲೇ ಕೈ ಮುಗಿದು, ‘ಆರಾಮ ಅದೀನ್ರಿ, ಕಾಲ ಒಂದ ಮುರದೈತಿ’ ಎನ್ನುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ಅದರಲ್ಲಿ ನಗುವಂಥದ್ದು ಏನಿದೆ ಎಂದು ನಮಗೆ ಹೊಳೆಯುತ್ತಲೂ ಇರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಈ ಮಾತಿನೊಳಗೇ. ಈಗ ಹೇಳಹೊರಟಿರುವ ತಪ್ಪಿಗೆ ನಾಚಿಕೆ ಹೆಚ್ಚಾಗಿರುವುದೂ ಅದಕ್ಕೇ. ಹೊರಗಿನವರು ಯಾರಾದರೂ ಇಂಥ ತಪ್ಪು ಮಾಡಿದ್ದರೆ, ಪಾಪ, ಅವರಿಗೇನು ಗೊತ್ತು ಎಂದು ಬಿಟ್ಟುಬಿಡಬಹುದಿತ್ತು.

ನನ್ನ ಕೆಲಸ ಮುಂಗೈಗೆ ಕಟ್ಟುವ ಒಂದು ಪಟ್ಟಿಗೆ ಸಾಫ್ಟ್‌ವೇರ್ ಬರೆಯುವುದು. ನೋಡಲು ಅದು ಗಡಿಯಾರದ ಹಾಗೇ ಇರುತ್ತದೆ, ನಮ್ಮ ಮನೆಯಲ್ಲಿ ಅದರ ಹೆಸರೂ ಗಡಿಯಾರವೇ. ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು ಎದೆಬಡಿತ ಅಳೆಯುತ್ತದೆ. ಬಡಿತ ಹದ ತಪ್ಪಿದರೆ ಮನೆಯವರ ಫೋನಿಗೆ ಸುದ್ದಿ ಮುಟ್ಟಿಸುತ್ತದೆ. ಕಂಪನಿ ಇರುವುದು ಪುಣೆಯಲ್ಲಿ. ನಾನಿರುವುದು ಬನಹಟ್ಟಿಯಲ್ಲಿ, ಗಂಡನ ಮನೆಯ ಮೇಲಿನ ಕೋಣೆಯಲ್ಲಿ. ಕೆಳಗೆ, ಹಿತ್ತಲ ಕಡೆ, ನಮ್ಮ ಪವರ್‌ಲೂಮ್ ಶೆಡ್ಡು. ಮಗ್ಗಗಳು ಶುರುವಾದವೆಂದರೆ ನನ್ನ ಮೇಜಿನ ಮೇಲಿನ ನೀರಿನ ಲೋಟ ತಾನಾಗಿ ಸರಿಯುತ್ತ ಅಂಚಿಗೆ ಬರುತ್ತದೆ. ಬಾಗಿಲು ಕಿಟಕಿ ಹಾಕಿ, ಕಿವಿಗೆ ಹೆಡ್‌ಫೋನ್ ಏರಿಸಿದರೆ ಮಾತ್ರ ಮೀಟಿಂಗು ನಡೆಯುತ್ತದೆ. ಕರೆಂಟು ಹೋಗಿ ಮಗ್ಗ ನಿಂತ ದಿನ ಆ ಕಡೆಯವರು, ಇವತ್ತೇನು ನಿಮ್ಮ ಧ್ವನಿ ಇಷ್ಟು ಚೆನ್ನಾಗಿ ಕೇಳುತ್ತಿದೆ ಎಂದು ವಿಚಾರಿಸುತ್ತಾರೆ.

ಅತ್ತೆಯ ದಿನವೆಲ್ಲ ಕೆಳಗೆ ಕಳೆಯುತ್ತದೆ. ಅಡುಗೆ, ಶೆಡ್ಡಿನವರಿಗೆ ಚಹ, ನಡುವೆ ರಾಟಿಯ ಮುಂದೆ ಕೂತು ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುವುದು. ಅವರ ತಾಯಿ ಮುಧೋಳದಲ್ಲಿ, ಒಲೆಯ ಮುಂದೆ ಕೂತಲ್ಲೇ ಎದೆ ನಿಂತು ಹೋದವರು. ರೊಟ್ಟಿ ಬಡಿಯುತ್ತಿದ್ದವರು ಹಾಗೇ ಒರಗಿದರಂತೆ. ಅತ್ತೆ ಆ ಕಥೆಯನ್ನು ಪುಣ್ಯದ ಸಾವು ಎಂಬಂತೆ ಹೇಳುತ್ತಾರೆ. ಅದನ್ನು ಕೇಳುವಾಗ ಅವರ ಮಗನ, ಅಂದರೆ ನಮ್ಮ ಮನೆಯವರ ಮುಖ ಮಾತ್ರ ಪ್ರತಿ ಸಲ ಕಪ್ಪಿಡುತ್ತದೆ. ಹೀಗಾಗಿ, ನಿಮ್ಮ ನಿಮ್ಮ ಮನೆಗಳಲ್ಲೇ ಪರೀಕ್ಷೆ ಮಾಡಿ ನೋಡಿ ಎಂದು ಕಂಪನಿಯವರು ನಮ್ಮ ತಂಡಕ್ಕೆಲ್ಲ ಹೊಸ ಪಟ್ಟಿಗಳನ್ನು ಕೊಟ್ಟಾಗ, ನಾನು ಮೊದಲು ಕಟ್ಟಿದ್ದು ಅತ್ತೆಯ ಕೈಗೆ. ಅವರ ತಾಯಿಗಾದದ್ದು ಅವರಿಗೆ ಆಗಬಾರದು, ಆಗುವುದಿದ್ದರೂ ನಮಗೆ ಮೊದಲೇ ತಿಳಿಯಬೇಕು. ನಮಗೆ ಬೇಕಾಗಿದ್ದದ್ದು ಇಷ್ಟೇ.

ಶುರುವಿಗೇ ತೊಂದರೆ ಬಂತು. ಅತ್ತೆ ಶೆಡ್ಡಿನೊಳಗೆ ಕಾಲಿಟ್ಟರೆ ಮಗ್ಗದ ಅದುರು ಅವರ ಕೈಗೂ ಬರುತ್ತಿತ್ತು, ಪಟ್ಟಿ ಅದನ್ನೇ ಎದೆಬಡಿತ ಎಂದು ತಿಳಿಯುತ್ತಿತ್ತು. ಮೀಟಿಂಗಿಗೆಂದು ನನ್ನ ಫೋನಿನ ಸದ್ದು ಅಡಗಿಸಿರುತ್ತಿದ್ದೆ, ರಬಕವಿಯಲ್ಲಿ ಸೀರೆ ವ್ಯಾಪಾರಿಯ ಮುಂದೆ ಕೂತ ನಮ್ಮ ಮನೆಯವರ ಫೋನು ಬೊಬ್ಬೆ ಹೊಡೆಯುತ್ತಿತ್ತು. ಅವರು ಮಾತು ಅರ್ಧಕ್ಕೆ ಬಿಟ್ಟು ಗಾಡಿ ಓಡಿಸಿಕೊಂಡು ಬಂದು ನೋಡಿದರೆ ಅತ್ತೆ ನೂಲಿನ ಹುಡಿ ಕೊಡವುತ್ತ, ‘ಯಾಕೋ, ಇಷ್ಟ ಲಗೂ ಬಂದಿ, ಊಟಾ ಮಾಡತೀಯೇನ?’ ಎನ್ನುತ್ತಿದ್ದರು. ಹೀಗೆ ಮತ್ತೆ ಮತ್ತೆ ಆದಾಗ ಒಂದು ದಿನ ನಮ್ಮ ಮನೆಯವರು ಮೇಲೆ ಬಂದು ನನ್ನ ಮೇಜಿನ ಮೇಲೆ ಫೋನು ಕುಕ್ಕಿ, ‘ನಿನ್ನ ಗಡಿಯಾರ ಒಯ್ದ ಹೊಳ್ಯಾಗ ಒಗಿ’ ಎಂದರು. ನನಗೂ ಸಿಟ್ಟು ಬಂತು. ನನ್ನ ಕೆಲಸಕ್ಕೆ ಯಾರಾದರೂ ಹೆಸರಿಟ್ಟರೆ ನಾನು ತಡೆದುಕೊಳ್ಳುವ ಪೈಕಿ ಅಲ್ಲ. ಮನೆಯವರಿಗೆ ಸುದ್ದಿ ಹೋಗುವ ಮುಂಚೆ ಪಟ್ಟಿ ಕಟ್ಟಿಕೊಂಡವರನ್ನೇ ಒಂದು ಮಾತು ಕೇಳಲಿ, ಅವರು ಚೆನ್ನಾಗಿದ್ದೇನೆ ಎಂದರೆ ಸುದ್ದಿ ಅಲ್ಲಿಗೇ ನಿಲ್ಲಲಿ. ಆ ಉಪಾಯ ನನ್ನದು. ಪ್ರೋಗ್ರಾಮಿನ ಆ ಭಾಗ ಬರೆದವಳೂ ನಾನೇ.

ಏನೆಂದು ಕೇಳಬೇಕು ಎನ್ನುವುದಕ್ಕೆ ಜಗಳವಾಯಿತು. ನಮ್ಮ ತಂಡದಲ್ಲಿ ಮೈಸೂರು ಕಡೆಯ ಒಬ್ಬರಿದ್ದಾರೆ, ತಣ್ಣಗಿನ ಮನುಷ್ಯ. ಅವರು ‘ನೀವು ಕ್ಷೇಮವಾಗಿದ್ದೀರಾ?’ ಎಂದು ಬರೆದಿಟ್ಟಿದ್ದರು. ಕ್ಷೇಮ ಎನ್ನುವುದು ನಮ್ಮಲ್ಲಿ ಕಾಗದದ ಮೇಲೆ ಇರುತ್ತದೆ, ಬಾಯಲ್ಲಿ ಬರುವುದಿಲ್ಲ ಎಂದು ನಾನು ಎಗರಾಡಿದೆ. ಹಾಗಾದರೆ ಪ್ರಶ್ನೆಯೇ ಬೇಡ, ಎದೆಬಡಿತ ಹೆಚ್ಚಾಗಿದೆ ಎಂದು ನೇರವಾಗಿ ಹೇಳಿಬಿಡೋಣ ಎಂದರು ಅವರು. ‘ಹಾಗೆ ಹೇಳಿದರೆ ನಮ್ಮ ಅತ್ತೆ ಹೆದರಿಯೇ ಅರ್ಧ ಪ್ರಾಣ ಬಿಡುತ್ತಾರೆ, ನಮ್ಮ ಜನ ನಿಮಗೆ ಗೊತ್ತೋ ನನಗೆ ಗೊತ್ತೋ?’ ಎಂದೆ.  ಕೊನೆಗೆ ಉತ್ತರ ಕರ್ನಾಟಕದವರಿಗೆ ಬೇರೆಯೇ ಪ್ರಶ್ನೆ ಸಿದ್ಧವಾಯಿತು. ಪಟ್ಟಿ ಮೆಲ್ಲಗೆ ನಡುಗಿ, ಪರದೆಯ ಮೇಲೆ ‘ಆರಾಮ ಅದೀರಿ?’ ಎಂದು ಬರೆದು ತೋರಿಸುತ್ತದೆ. ಕೆಳಗೆ ಹಸಿರು ಗುಂಡಿ, ‘ಆರಾಮ’. ಕೆಂಪು ಗುಂಡಿ, ‘ಆರಾಮ ಇಲ್ಲ’.

ಎಲ್ಲರಿಗೂ ಹಿಡಿಸಿತು. ಬೇರೆ ಬೇರೆ ಭಾಷೆಯವರು ಸೇರುವ ದೊಡ್ಡ ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರ್ ಅದನ್ನೇ ತೋರಿಸಿ, ಜನರ ಬಾಯಿಯ ಮಾತನ್ನು ಯಂತ್ರದ ಬಾಯಿಗೆ ತರುವುದು ಹೀಗೆ ಎಂದು ಹೇಳಿದರು. ನನಗೆ ಕೋಡು ಮೂಡಿತು. ಆ ದಿನ ಸಂಜೆ ನಮ್ಮ ಮನೆಯವರಿಗೆ ಆ ಹೊಗಳಿಕೆಯನ್ನು ನೇರ ಹೇಳದೆ, ಎತ್ತೆತ್ತಲಿಂದಲೋ ತಂದು ಹೇಳಿದೆ.

ಅತ್ತೆಗಂತೂ ಸಂಭ್ರಮ. ನಾಲ್ಕನೆಯ ಈಯತ್ತೆ ಓದಿದವರು, ಅಕ್ಷರ ಕೂಡಿಸಿ ಓದುತ್ತಾರೆ. ಮೊದಲ ಸಲ ಪಟ್ಟಿ ಕೇಳಿದಾಗ ಮುಂಗೈಯನ್ನು ಕಣ್ಣಿಗೆ ಹತ್ತಿರ ತಂದು, ‘ಆ-ರಾ-ಮ’ ಎಂದು ಜೋರಾಗಿ ಓದಿ ನಕ್ಕುಬಿಟ್ಟರು. ಚಿಮ್ಮಡದಿಂದ ಅವರ ತಂಗಿ ಬಂದಾಗ ಕೈ ಮುಂದೆ ಚಾಚಿ ತೋರಿಸಿದ್ದೇ ತೋರಿಸಿದ್ದು. ಸುಳ್ಳು ಸುದ್ದಿಗಳು ನಿಂತವು. ನಮ್ಮ ಮನೆಯವರು ರಬಕವಿಯಲ್ಲಿ ನೆಮ್ಮದಿಯಿಂದ ವ್ಯಾಪಾರ ಮಾಡತೊಡಗಿದರು. ನಾನು ಮೇಲೆ ಬಾಗಿಲು ಹಾಕಿಕೊಂಡು ಬೇರೆ ಕೆಲಸಕ್ಕೆ ಹತ್ತಿದೆ.

ಈಗ ಹಿಂದಿರುಗಿ ನೋಡಿದರೆ ಕಾಣಿಸುವುದು ಆಗಲೂ ಕಣ್ಣೆದುರಿಗೇ ಇತ್ತು. ಮಧ್ಯಾಹ್ನದ ಚಹ ಮೇಲೆ ತರುತ್ತಿದ್ದವರು ಅತ್ತೆ. ಅವರು ಬರುವುದು ನಿಂತಿತು, ಶೆಡ್ಡಿನಲ್ಲಿ ಕೆಲಸ ಮಾಡುವ ಹೆಂಗಸಿನ ಕೈಯಲ್ಲಿ ಕಳಿಸತೊಡಗಿದರು. ಒಂದು ಸಲ ಮೆಟ್ಟಿಲ ನಡುವೆ ಕೂತಿದ್ದದ್ದು ಕಂಡಿತು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಅದಕ್ಕೆ ಕೆಲವು ದಿನ ಮುಂಚೆಯಷ್ಟೇ ಅವರು, ‘ಮನ್ಯಾಗ ಇದ್ದೂ ಮಾರಿ ಕಾಣಸೂದಿಲ್ಲಲ್ಲಬೇ ನಿಂದು’ ಎಂದಿದ್ದರು. ನಾನು ಮೀಟಿಂಗಿನ ಅವಸರದಲ್ಲಿ ಬಿರುಸಾಗಿ ಏನೋ ಅಂದಿದ್ದೆ. ಅದಕ್ಕೇ ಮುನಿಸಿಕೊಂಡಿದ್ದಾರೆ, ಮೇಲೆ ಬರುತ್ತಿಲ್ಲ ಎಂದುಕೊಂಡೆ. ಮುನಿಸಿಗೆ ಮುನಿಸು ಎಂದು ನಾನೂ ಬಿಗಿದುಕೊಂಡು ಕೂತೆ. ಕೆಳಗಿಳಿದು ಹೋಗಿ ಏನಾಗಿದೆ ಎಂದು ಕೇಳಲು ಇಪ್ಪತ್ತು ಮೆಟ್ಟಿಲೂ ಇರಲಿಲ್ಲ.

ಬೇಸಗೆಯ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗಗಳು ಒಂದೊಂದಾಗಿ ನಿಂತವು. ಶೆಡ್ಡಿನವರು ಬೇವಿನ ನೆರಳಿಗೆ ಹೋದರು. ನಾನು ಕುಡಿಯುವ ನೀರಿಗೆಂದು ಕೆಳಗಿಳಿದೆ. ಅತ್ತೆ ರಾಟಿಯ ಮುಂದೆ ಗೋಡೆಗೆ ಒರಗಿ ಕೂತಿದ್ದರು. ಹಣೆ, ಕುತ್ತಿಗೆ, ಕುಪ್ಪಸದ ತೋಳು ಎಲ್ಲ ತೊಯ್ದಿತ್ತು. ಬಾಯಿ ಅರೆ ತೆರೆದಿತ್ತು. ನಾನು ಬಂದದ್ದನ್ನು ಅವರು ನೋಡಿರಲಿಲ್ಲ. ಅಷ್ಟರಲ್ಲಿ ಕೈಯ ಪಟ್ಟಿ ನಡುಗಿತು. ಅವರು ಕಷ್ಟಪಟ್ಟು ಮುಂಗೈ ಎತ್ತಿದರು, ಕಣ್ಣು ಕಿರಿದು ಮಾಡಿ ನೋಡಿದರು, ಸಣ್ಣಗೆ ನಕ್ಕರು. ಆಮೇಲೆ ಹಸಿರು ಗುಂಡಿ ಒತ್ತಿ, ಅದೇ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು.

ಕೈಲಿದ್ದ ಚೊಂಬು ಎಲ್ಲಿಟ್ಟೆನೋ ನೆನಪಿಲ್ಲ. ‘ಅತ್ತಿ, ಏನಾಗಾಕತ್ತೈತ್ರಿ?’ ಎನ್ನುತ್ತ ಓಡಿದೆ.

‘ಏನಿಲ್ಲವಾ, ಆರಾಮ ಅದೀನಿ.’

ಮುಂಗೈ ಹಿಡಿದು ಪಟ್ಟಿಯ ಮೇಲಿನ ಅಂಕಿ ನೋಡಿದೆ. ಅಂಥ ಅಂಕಿಯನ್ನು ನಾನು ಕಂಡಿದ್ದು ಪರೀಕ್ಷೆಗೆಂದು ನಾವೇ ಬೇಕೆಂತಲೇ ಕೊಟ್ಟ ಸುಳ್ಳು ಲೆಕ್ಕಗಳಲ್ಲಿ ಮಾತ್ರ. ಮಗ್ಗ ನಿಂತಿದ್ದವು, ಅದುರಿನ ನೆಪ ಹೇಳುವಂತಿರಲಿಲ್ಲ. ಪಟ್ಟಿ ಖರೆ ಹೇಳುತ್ತಿತ್ತು. ನಾಡಿ ಮುಟ್ಟಿದರೆ ಬೆರಳಿನ ಕೆಳಗೆ ಓಡುತ್ತಿತ್ತು, ತಡೆಯುತ್ತಿತ್ತು, ಮತ್ತೆ ಓಡುತ್ತಿತ್ತು.

‘ಹಿಂಗಾಗಾಕತ್ತಿದ್ರ ಆರಾಮ ಅಂತ ಯಾಕ ಒತ್ತಿದ್ರಿ?’ ಎಂದು ನಾನು ಕೂಗಿಯೇ ಬಿಟ್ಟೆ. ಆಗಲೂ ನನಗೆ ಬಂದದ್ದು ಸಿಟ್ಟು.

‘ನೀ ಕೇಳಿದ್ಯಲ್ಲವಾ’ ಎಂದರು.

‘ನಾ ಎಲ್ಲಿ ಕೇಳೀನ್ರಿ?’

‘ಮ್ಯಾಲಿಂದ. ದಿನಾ ಕೇಳತೀಯಲ್ಲ.’ ಉಸಿರಿಗೆ ನಿಂತು ನಿಂತು ಹೇಳಿದರು. ‘ಅಷ್ಟ ಕೆಲಸದಾಗೂ ನೆನಪ ಮಾಡಿ ಕೇಳತಿ. ನಿನಗ ಆರಾಮ ಇಲ್ಲಂತ ಹೆಂಗ ಹೇಳಲಿ? ಕೆಲಸಾ ಬಿಟ್ಟ ಓಡಿ ಬರತಿದ್ದಿ.’

 ‘ಆರಾಮ ಇಲ್ಲ’ ಎನ್ನುವುದನ್ನು ನಮ್ಮಲ್ಲಿ ಬೇರೆಯವರ ಬಗ್ಗೆ ಹೇಳುತ್ತಾರೆ, ಅದೂ ದನಿ ತಗ್ಗಿಸಿ. ದವಾಖಾನೆಗೆ ಸೇರಿಸಿದ ಮೇಲೆ ಹೇಳುವ ಮಾತು ಅದು. ಪ್ರೀತಿಯಿಂದ ವಿಚಾರಿಸಿದವರ ಮುಖಕ್ಕೆ ಯಾರೂ ಅದನ್ನು ಹೇಳುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ನಾನೂ ಜ್ವರದಲ್ಲಿ ಬೀಳಗಿಗೆ ಫೋನು ಹಚ್ಚಿ ತಾಯಿಯ ಹತ್ತಿರ ಆರಾಮ ಅದೀನಿ ಎಂದವಳೇ. ಆ ಮಾತನ್ನೇ ಒಯ್ದು ಗುಂಡಿಯ ಮೇಲೆ ಬರೆದು, ಅದನ್ನು ಒತ್ತಿದರೆ ಸುದ್ದಿ ನಿಲ್ಲುವಂತೆ ಮಾಡಿದ್ದೆ. ಅವರ ಬಾಯಿಗೆ ಬಟ್ಟೆ ತುರುಕಿದ್ದರೂ ಅದು ಇಷ್ಟು ಸರಿಯಾಗಿ ಮುಚ್ಚುತ್ತಿರಲಿಲ್ಲ.

ಫೋನು ಹಚ್ಚಿದೆ, ನಮ್ಮ ಮನೆಯವರು ರಬಕವಿಯಿಂದ ಬಂದರು. ಕಾರಿನಲ್ಲಿ ಜಮಖಂಡಿಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು. ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದಾಗ ಅವರ ಮಗ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಹೃದಯದ ಡಾಕ್ಟರು ಇಸಿಜಿ ತೆಗೆಸಿ ನೋಡಿ, ಬಡಿತದ ತಾಳ ತಪ್ಪಿದೆ, ಹೀಗೇ ಬಿಟ್ಟರೆ ಎದೆಯೊಳಗೆ ಹೆಪ್ಪುಗಟ್ಟಿದ ರಕ್ತ ತಲೆಗೆ ಏರುವ ಭಯವಿರುತ್ತದೆ ಎಂದರು. ಇವತ್ತು ಶುರುವಾದದ್ದಲ್ಲ ಎಂದೂ ಹೇಳಿದರು.

‘ಎಂದಿನಿಂದ ಹಿಂಗ ಆಗಾಕತ್ತಿತ್ತ್ರಿ, ಅವ್ವಾರ?’ ಎಂದು ಅತ್ತೆಯನ್ನೇ ಕೇಳಿದರು.

‘ಈಗ ಆರಾಮ ಅದೀನ್ರಿ’ ಎಂದರು ಅತ್ತೆ.

ಡಾಕ್ಟರ ಕಣ್ಣು ಕೈಯ ಪಟ್ಟಿಯ ಮೇಲೆ ಬಿತ್ತು. ‘ಇದನ ಕಟ್ಟಿಕೊಂಡೀರಿ, ಇದೇನೂ ಹೇಳಲಿಲ್ಲೇನ್ರಿ?’

ನಾನು ಏನಾದರೂ ಹೇಳುವಷ್ಟರಲ್ಲಿ ಅತ್ತೆ ಮಲಗಿದಲ್ಲಿಂದಲೇ ಕೈ ಎತ್ತಿ ತೋರಿಸಿದರು. ‘ಇದು ನಮ್ಮ ಸೊಸಿ ಮಾಡಿದ್ದರಿ. ಭಾಳ ಛಲೋ ಐತಿ. ಮ್ಯಾಲ ಕುಂತ ಇದರಾಗಿಂದನ ದಿನಾ ನನ್ನ ಮಾತಾಡಸ್ತಾಳ್ರಿ.’

ಡಾಕ್ಟರು ನನ್ನ ಕಡೆ ನೋಡಿದರು. ನಮ್ಮ ಮನೆಯವರೂ ನೋಡಿದರು. ನೆಲ ಬಾಯಿ ಬಿಟ್ಟರೆ ಇಳಿದುಹೋಗಬೇಕು ಎನ್ನಿಸಿತು. ನಾನು ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತೆ. ಬೈದಿದ್ದರೆ ತಿರುಗಿ ಬೈಯುವುದು ನನಗೆ ಬರುತ್ತದೆ. ಈ ಹೊಗಳಿಕೆಗೆ ಏನು ಮಾಡಬೇಕು ಎನ್ನುವುದು ತಿಳಿಯಲಿಲ್ಲ.

ಅತ್ತೆ ಅಲ್ಲಿ ಕೆಲವು ದಿನ ಇದ್ದು ಗುಣವಾಗಿ ಬಂದರು. ರಕ್ತ ತೆಳುವಾಗಿಸುವ ಗುಳಿಗೆ, ಬಡಿತ ಹಿಡಿತದಲ್ಲಿಡುವ ಗುಳಿಗೆ, ಉಪ್ಪು ಕಡಿಮೆ. ದವಾಖಾನೆಯ ಹೊರಗೆ ಚಹ ಕುಡಿಯುವಾಗ ನಮ್ಮ ಮನೆಯವರು ಒಂದೇ ಮಾತು ಅಂದಿದ್ದರು, ‘ನೀ ಮನ್ಯಾಗ ಇದ್ದ್ಯಲ್ಲ.’ ‘ನಾ ಮನ್ಯಾಗಲ್ಲ, ಆಫೀಸಿನ್ಯಾಗ ಇದ್ದೆ’ ಎಂದು ಉರಿದುಬಿದ್ದೆ.  ಕಪ್ಪು ಕೆಳಗಿಡುವ ಮುಂಚೆಯೇ ನನ್ನ ಉತ್ತರ ನನಗೇ ಹೇಸಿಕೆ ತರಿಸಿತು.

ತಂಡದ ಮೀಟಿಂಗಿನಲ್ಲಿ ಎಲ್ಲವನ್ನೂ ಹೇಳಿದೆ. ಮ್ಯಾನೇಜರ್ ಒಳ್ಳೆಯವರು, ನನ್ನನ್ನು ಸಮಾಧಾನ ಮಾಡಲೆಂದೇ, ಇದು ಬಳಸುವವರು ಮಾಡಿದ ತಪ್ಪು, ನಿಮ್ಮದಲ್ಲ ಎಂದರು. ಆ ಮಾತು ನನಗೆ ಹೊಸದಲ್ಲ. ಬೇರೆ ಊರುಗಳಿಂದ ದೂರು ಬಂದಾಗ ‘ಬಳಸುವವರ ತಪ್ಪು’ ಎಂದು ಬರೆದು ನಾನೇ ಎಷ್ಟೋ ಸಲ ಮುಚ್ಚಿಹಾಕಿದ್ದೇನೆ. ಆ ಕಡೆಯೂ ಯಾರದೋ ಅತ್ತೆ, ಯಾರದೋ ತಾಯಿ ಇದ್ದಿರಬೇಕು ಎಂದು ಆಗ ಅನ್ನಿಸಿರಲೇ ಇಲ್ಲ.

ಮೈಸೂರು ಕಡೆಯವರು ಮೀಟಿಂಗಿನಲ್ಲಿ ತುಟಿ ಬಿಚ್ಚಲಿಲ್ಲ. ನಾನು ಆಗಲೇ ಹೇಳಿದ್ದೆ ಎಂದು ಒಂದು ಮಾತು ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಎಲ್ಲರೂ ಹೋದ ಮೇಲೆ ಅವರೊಬ್ಬರೇ ಉಳಿದು, ‘ನಿಮ್ಮ ಅತ್ತೆ ಈಗ ಹೇಗಿದ್ದಾರೆ?’ ಎಂದು ಕೇಳಿದರು.

‘ಆರಾಮ ಅದಾರ್ರಿ’ ಎಂದೆ.

ಅವರು ಬಿಡಲಿಲ್ಲ. ‘ನಿಜವಾಗ್ಲೂ?’ ಎಂದರು.

ಆಗ ಗುಳಿಗೆ, ನಿದ್ದೆ, ಊಟ, ಮೆಟ್ಟಿಲು ಹತ್ತಿದರೆ ಬರುವ ಏದುಸಿರು ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ನಮ್ಮ ಕಡೆಯ ಮಾತು ಆಡದವರು ಕೇಳಿದ್ದಕ್ಕೆ ಖರೆ ಉತ್ತರ ಬಾಯಿಂದ ಬಂತು. ಪಟ್ಟಿಯಿಂದ ಆ ಪ್ರಶ್ನೆಯನ್ನು ತೆಗೆದುಹಾಕಿದೆವು. ಈಗ ಅದು ‘ಎದೆಬಡಿತ ಹೆಚ್ಚಾಗಿದೆ, ಮನೆಯವರಿಗೆ ತಿಳಿಸಲಾಗಿದೆ’ ಎಂದು ಹೇಳುತ್ತದೆ, ಒತ್ತುವುದಕ್ಕೆ ಗುಂಡಿ ಇಲ್ಲ. ಮಗ್ಗದ ಅದುರನ್ನು ಬೇರೆ ಮಾಡುವ ಕೆಲಸವನ್ನು ಮೊದಲೇ ಮಾಡಬೇಕಿತ್ತು, ಅದನ್ನು ಈಗ ಮಾಡುತ್ತಿದ್ದೇವೆ.

ಅತ್ತೆಗೆ ಮಾತ್ರ ನಾನು ಏನೂ ಹೇಳಲಿಲ್ಲ. ಅವರು ಅಂದುಕೊಂಡದ್ದನ್ನು ಇಲ್ಲವೆನ್ನಲು ಬಾಯಿ ಬರಲಿಲ್ಲ. ಅದು ಅವರಿಗೆ ನೋವಾದೀತು ಎಂದಷ್ಟೇ ಅಲ್ಲ. ಅವರ ಮನಸ್ಸಿನೊಳಗೆ ದಿನವೂ ಅತ್ತೆಯನ್ನು ವಿಚಾರಿಸುವ ಒಬ್ಬ ಸೊಸೆ ಇದ್ದಳು. ಆಕೆ ನನಗಿಂತ ಎಷ್ಟೋ ಒಳ್ಳೆಯವಳು. ಆಕೆಯನ್ನು ಹೊರಗೆ ಹಾಕಿ ನಾನು ಹೋಗಿ ನಿಲ್ಲುವುದಕ್ಕೆ ನಾಚಿಕೆಯಾಗುತ್ತಿತ್ತು.

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೆಳಗೆ ಬಂದಿದ್ದೆ. ಈಗ ಊಟ ಮೇಲೆ ತರಿಸಿಕೊಳ್ಳುವುದಿಲ್ಲ. ಅತ್ತೆ ರೊಟ್ಟಿ, ಪುಂಡಿಪಲ್ಯ ಬಡಿಸಿ ಎದುರಿಗೆ ಕೂತರು. ಸ್ವಲ್ಪ ಹೊತ್ತು ಪಟ್ಟಿಯನ್ನು ಬೆರಳಿನಿಂದ ತಿರುಗಿಸುತ್ತಿದ್ದರು.

‘ನನ್ನ ಮ್ಯಾಲ ಸಿಟ್ಟಾಗೀಯೇನವಾ?’ ಎಂದರು.

‘ಇಲ್ಲರಿ. ಯಾಕ್ರಿ?’

‘ದವಾಖಾನಿಯಿಂದ ಬಂದಾಗಿಂದ ಕೇಳೂದ ಬಿಟ್ಟೀಯಲ್ಲ. ಆವತ್ತ ನಿನಗ ಸುಳ್ಳ ಹೇಳಿದ್ನಂತ ಸಿಟ್ಟ ಬಂದಿರಬೇಕಂತ ಮಾಡೇನಿ. ಇನ್ನ ಖರೆ ಹೇಳತೀನಿ ಬೇ. ಕೇಳ.’

ಮುರಿದ ರೊಟ್ಟಿಯನ್ನು ತಾಟಿನಲ್ಲೇ ಇಟ್ಟೆ. ಇನ್ನು ಮುಚ್ಚಿಡುವುದು ಆಗುವುದಿಲ್ಲ ಎನ್ನಿಸಿತು. ‘ಅತ್ತಿ, ಅದು ನಾ ಅಲ್ಲರಿ’ ಎಂದೆ. ‘ಮಷೀನ್ ಅದು. ಎದಿ ಜೋರ ಬಡದ್ರ ತಾನ ಕೇಳತಿತ್ತು. ಎಲ್ಲಾರ್ಗೂ ಹಂಗ ಕೇಳತಿತ್ತು.’

ಅವರು ಪಟ್ಟಿ ನೋಡಿದರು, ನನ್ನನ್ನು ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದವರು ಮತ್ತೆ ಮೊದಲಿಂದ ಎಣಿಸುವಾಗ ಇರುವಂತೆ ಇತ್ತು ಆ ಮುಖ.

‘ಒಂದ ಸಲಾನೂ ನೀ ಅಲ್ಲಾ?’ ಎಂದರು.

ಒಂದೆರಡು ಸಲ ನಾನೇ ಎಂದು ಹೇಳಿದ್ದರೆ ಅವರು ನಂಬುತ್ತಿದ್ದರು. ಹಾಗೆ ಹೇಳು ಎಂದು ಕೇಳಿಕೊಳ್ಳುವಂತೆಯೂ ಇತ್ತು ಅವರ ದನಿ. ನಾನು ತಾಟಿನ ಕಡೆ ನೋಡುತ್ತ, ‘ಇಲ್ರಿ’ ಎಂದೆ.